ಮೂರು ಊರಿಗೂ ಒಂದೇ ಮಾರಾಟದ ಗುರಿ ಇಡಬಹುದಾ?

ಪ್ರಶ್ನೆ: ನಾನು ಚಿಲ್ಲರೆ ಮಳಿಗೆಗಳ ಕಂಪನಿಯೊಂದರಲ್ಲಿ ಮಾರಾಟದ ಅಂದಾಜು ತಯಾರಿಸುತ್ತೇನೆ. ನಮಗೆ ಮೂರು ಕಡೆ ಮಳಿಗೆಗಳಿವೆ. ಒಂದು ಗಣಿಯನ್ನೇ ನಂಬಿದ ಊರು, ಇನ್ನೊಂದು ಬೇಸಾಯದ ಪ್ರದೇಶ, ಮೂರನೆಯದು ದೊಡ್ಡ ನಗರದ ಹೊರವಲಯ. ದೇಶದ ಬೆಳವಣಿಗೆ ದರ ನೋಡಿ ಮೂರಕ್ಕೂ ಶೇ 8ರಷ್ಟು ಹೆಚ್ಚಳದ ಗುರಿ ಇಟ್ಟೆವು. ವರ್ಷದ ಕೊನೆಗೆ ಹೊರವಲಯದ ಮಳಿಗೆ ಗುರಿ ದಾಟಿತ್ತು, ಬೇಸಾಯದ ಪ್ರದೇಶದ್ದು ಅರ್ಧದಲ್ಲೇ ನಿಂತಿತ್ತು, ಗಣಿ ಊರಿನದು ಹಿಂದಿನ ವರ್ಷಕ್ಕಿಂತ ಕೆಳಗಿಳಿದಿತ್ತು. ಒಂದು ಪ್ರದೇಶದ ಆರ್ಥಿಕ ಸ್ಥಿತಿ ನೋಡಿ ಮುಂದಿನ ವರ್ಷದ ಮಾರಾಟವನ್ನು ಹೇಗೆ ಅಂದಾಜು ಮಾಡಬೇಕು? ಯಾವ ಅಂಕಿಯನ್ನು ನಂಬಬೇಕು?

ಉತ್ತರ: ನಿಮ್ಮ ಗುಣಾಕಾರ ತಪ್ಪಿಲ್ಲ, ಹಿಡಿದುಕೊಂಡ ಅಂಕಿ ತಪ್ಪು. ದೇಶದ ಬೆಳವಣಿಗೆ ದರ ಎಂದರೆ ಎಲ್ಲ ಊರುಗಳನ್ನೂ ಕಲಸಿ ತೆಗೆದ ಸರಾಸರಿ. ಗಿರಾಕಿ ಖರ್ಚು ಮಾಡುವುದು ತನ್ನ ಜೇಬಿನಿಂದ ಅಲ್ವಾ? ಆ ಜೇಬು ತುಂಬುವುದು ಅವನ ಊರಿನ ಒಂದೆರಡು ಮೂಲಗಳಿಂದ. ಆ ಮೂಲ ಬತ್ತಿದರೆ ದೇಶ ಎಷ್ಟೇ ಬೆಳೆಯಲಿ, ನಿಮ್ಮ ಗಲ್ಲಾಪೆಟ್ಟಿಗೆಗೆ ಅದರ ಸುಳಿವೂ ಸಿಗುವುದಿಲ್ಲ.

ಹಾಗಾಗಿ ಯಾವುದೇ ಪ್ರದೇಶದ ಅಂದಾಜಿಗೆ ಕೂತರೂ ನಾನು ಮೊದಲು ತಲಾ ಆದಾಯದ ಪಟ್ಟಿ ತೆಗೆಯುವುದಿಲ್ಲ. ಹೊರಗಿನ ಹಣ ಈ ಊರಿಗೆ ಯಾವ ಬಾಗಿಲಿನಿಂದ ಬರುತ್ತದೆ, ಬಂದದ್ದು ಯಾರ ಕೈಯಲ್ಲಿ ನಿಲ್ಲುತ್ತದೆ, ಎಲ್ಲಿಂದ ಆಚೆ ಸೋರುತ್ತದೆ ಎಂದು ಕೇಳುತ್ತೇನೆ. ಇದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಬಾಗಿಲಿನಿಂದ ಶುರು ಮಾಡೋಣ. ಒಂದು ಊರಿನ ಕ್ಷೌರಿಕ, ದರ್ಜಿ, ದಿನಸಿ ಅಂಗಡಿಯವರು ಒಬ್ಬರಿಂದ ಒಬ್ಬರು ಕೊಂಡು ಹಣವನ್ನು ಸುತ್ತಿಸುತ್ತಾರೆ. ಆದರೆ ಸುತ್ತುವ ಹಣ ಮೊದಲು ಎಲ್ಲಿಂದಲೋ ಒಳಗೆ ಬರಬೇಕು. ಗಣಿಯ ಅದಿರು, ಹೊಲದ ಬೆಳೆ, ಕಾರ್ಖಾನೆಯ ಸರಕು, ಪ್ರವಾಸಿಗರು, ಓದಲು ಬಂದ ವಿದ್ಯಾರ್ಥಿಗಳು, ಸರ್ಕಾರಿ ಸಂಬಳ, ಪಿಂಚಣಿ, ದೂರದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ. ಇವೇ ಬಾಗಿಲುಗಳು. ಎನ್ರಿಕೊ ಮೊರೆಟ್ಟಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಲೆಕ್ಕ ತೆಗೆದು 2010ರಲ್ಲಿ ಒಂದು ಅಂಕಿ ಕೊಟ್ಟರು. ಒಂದು ನಗರದ ಕಾರ್ಖಾನೆಗಳಲ್ಲಿ ಒಂದು ಕೆಲಸ ಹೆಚ್ಚಾದರೆ, ಅದೇ ನಗರದ ಅಂಗಡಿ, ಹೋಟೆಲು, ರಿಪೇರಿಯಂಥ ಸ್ಥಳೀಯ ಕೆಲಸಗಳು ಸುಮಾರು 1.6ರಷ್ಟು ಹೆಚ್ಚಾಗುತ್ತವೆ. ಹಾಗೆಯೇ ಬಾಗಿಲು ಮುಚ್ಚಿದಾಗ ಪೆಟ್ಟು ಕಾರ್ಖಾನೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ಗಿರಾಕಿಯ ಗಿರಾಕಿಯವರೆಗೂ ಹೋಗುತ್ತದೆ.

ನಿಮ್ಮ ಗಣಿ ಊರಿಗೆ ಹತ್ತಿರದ ಉದಾಹರಣೆ ಅಮೆರಿಕದ ಉತ್ತರ ಡಕೋಟಾ ರಾಜ್ಯದ ವಿಲ್ಲಿಸ್ಟನ್. ಅಲ್ಲಿನ ನೆಲದಡಿಯ ಕಲ್ಲಿನ ಪದರದಿಂದ ತೈಲ ತೆಗೆಯುವ ಕೆಲಸ ಜೋರಾದಾಗ ಜನ ಎಲ್ಲೆಲ್ಲಿಂದಲೋ ಬಂದರು. 2010ರಲ್ಲಿ 15 ಸಾವಿರದ ಆಸುಪಾಸಿನಲ್ಲಿದ್ದ ಜನಸಂಖ್ಯೆ ಹತ್ತು ವರ್ಷದಲ್ಲಿ ಸುಮಾರು ಎರಡು ಪಟ್ಟಾಯಿತು. ಇರಲು ಮನೆ ಸಿಗದೆ ಕೆಲಸಗಾರರು ವಾಹನಗಳಲ್ಲೇ ಮಲಗುತ್ತಿದ್ದರು. ಆ ದಿನಗಳಲ್ಲಿ ಅಂದಾಜು ಮಾಡಲು ಕೂತವರಿಗೆ ಎಲ್ಲ ಗೆರೆಗಳೂ ಮೇಲಕ್ಕೇ ಹೋಗುತ್ತಿದ್ದವು. 2014ರ ಮಧ್ಯದಲ್ಲಿ ಒಂದು ಬ್ಯಾರೆಲ್ ತೈಲಕ್ಕೆ 100 ಡಾಲರಿಗೂ ಜಾಸ್ತಿ ಬೆಲೆ ಇತ್ತು. 2016ರ ಫೆಬ್ರುವರಿಯಲ್ಲಿ ಅದು 30 ಡಾಲರಿಗಿಂತ ಕೆಳಗೆ ಬಂತು. ಕೊರೆಯುವ ಯಂತ್ರಗಳು ನಿಂತವು, ಕೆಲಸಗಾರರು ಹೊರಟರು, ರಾಜ್ಯದಲ್ಲಿ ತೆರಿಗೆ ಬೀಳುವ ಮಾರಾಟ ದೊಡ್ಡದಾಗಿ ಕುಸಿಯಿತು.

ಗಮನಿಸಬೇಕಾದ್ದು ಇನ್ನೊಂದಿದೆ. ಅದೇ 2015 ಮತ್ತು 2016ರಲ್ಲಿ ಅಮೆರಿಕದ ಒಟ್ಟು ಚಿಲ್ಲರೆ ಮಾರಾಟ ಏರುತ್ತಲೇ ಇತ್ತು. ತೈಲ ತೆಗೆಯದ ಊರುಗಳಲ್ಲಿ ಪೆಟ್ರೋಲ್ ಅಗ್ಗವಾಗಿ ಜನರ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಒಂದೇ ಸುದ್ದಿ, ಒಂದು ಊರಿಗೆ ಬರೆ, ಇನ್ನೊಂದು ಊರಿಗೆ ಉಳಿತಾಯ. ನಿಮ್ಮ ಶೇ 8ರ ಗುರಿ ಎಡವಿದ್ದು ಇಲ್ಲೇ ಇರಬೇಕು.

ಬಾಗಿಲು ಒಮ್ಮೆಲೇ ಮುಚ್ಚುವುದು ಒಂದು ಬಗೆ. ವರ್ಷಾನುಗಟ್ಟಲೆ ನಿಧಾನವಾಗಿ ಮುಚ್ಚಿಕೊಳ್ಳುವುದು ಇನ್ನೊಂದು. ಅಮೆರಿಕದ ಕಾರು ತಯಾರಿಕೆಯ ಡೆಟ್ರಾಯ್ಟ್ ನಗರದಲ್ಲಿ 1950ರಲ್ಲಿ ಸುಮಾರು 18.5 ಲಕ್ಷ ಜನ ಇದ್ದರು. 2010ರ ಜನಗಣತಿಯಲ್ಲಿ ಉಳಿದದ್ದು ಸುಮಾರು 7.1 ಲಕ್ಷ. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಇಂಥ ಕಡೆ ಯಾವ ಒಂದು ವರ್ಷದ ಅಂಕಿಯೂ ಭಯ ಹುಟ್ಟಿಸುವುದಿಲ್ಲ. ಪ್ರತಿ ವರ್ಷ ಒಂದಿಷ್ಟು ಮನೆಗಳು ಖಾಲಿಯಾಗುತ್ತವೆ, ಅಷ್ಟೇ. ಅದಕ್ಕೇ ಮಾರಾಟದ ಅಂದಾಜಿನಲ್ಲಿ ತಲೆ ಎಣಿಕೆಯನ್ನು ಬೇರೆ ಇಡಿ, ಒಬ್ಬರ ಖರ್ಚನ್ನು ಬೇರೆ ಇಡಿ. ಜನ ಕಡಿಮೆಯಾಗಿ ಮಾರಾಟ ಇಳಿದರೆ ರಿಯಾಯಿತಿ ಕೊಟ್ಟು ಅದನ್ನು ಮೇಲೆತ್ತಲು ಆಗುವುದಿಲ್ಲ. ಇರುವ ಜನ ಕೈ ಬಿಗಿ ಹಿಡಿದಿದ್ದರೆ ಮಾತ್ರ ರಿಯಾಯಿತಿಗೆ ಕೆಲಸ ಇದೆ.

ಇನ್ನು ಹಣ ಯಾರ ಕೈಯಲ್ಲಿ ನಿಲ್ಲುತ್ತದೆ ಎಂಬ ಮಾತು. ಇದರಲ್ಲಿ ನಾನೇ ಒಮ್ಮೆ ಪಾಠ ಕಲಿತಿದ್ದೇನೆ. ಬಹಳ ವರ್ಷಗಳ ಹಿಂದೆ, ಒಂದೇ ದೊಡ್ಡ ಕಾರ್ಖಾನೆ ಇದ್ದ ಊರಿನ ಮಳಿಗೆಗೆ ಅಂದಾಜು ಮಾಡುತ್ತಿದ್ದೆ. ಕಾರ್ಖಾನೆಯಲ್ಲಿ ಒಬ್ಬರ ಕೆಲಸವೂ ಹೋಗಿರಲಿಲ್ಲ. ಉದ್ಯೋಗದ ಅಂಕಿ ಚೆನ್ನಾಗಿಯೇ ಇತ್ತು. ಸಮಾಧಾನದಿಂದ ಗುರಿ ಏರಿಸಿದೆ. ಮೂರು ತಿಂಗಳಲ್ಲಿ ಮಾರಾಟ ಜಾರತೊಡಗಿತು. ಕಾರಣ ತಿಳಿಯದೆ ಎರಡು ದಿನ ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲೇ ಕೂತೆ. ಬಿಲ್ಲುಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ಅದೇ ಗಿರಾಕಿಗಳು ಬರುತ್ತಿದ್ದರು. ಆದರೆ ಬಿಲ್ಲು ಮೋಟಾಗಿತ್ತು. ಒಂಬತ್ತು ಸಾಲು ಇರುತ್ತಿದ್ದ ಕಡೆ ಆರು ಸಾಲು. ದೊಡ್ಡ ಡಬ್ಬಿಯ ಸೋಪಿನ ಪುಡಿ ಇದ್ದ ಜಾಗದಲ್ಲಿ ಸಣ್ಣ ಪೊಟ್ಟಣ. ಒಬ್ಬ ತಾಯಿ ಮಗುವಿನ ಶೂ ಕೈಗೆತ್ತಿಕೊಂಡರು, ತಿರುಗಿಸಿ ನೋಡಿದರು, ಹೆಬ್ಬೆರಳಿನಿಂದ ಅಟ್ಟೆ ಒತ್ತಿದರು, ಮತ್ತೆ ಕಪಾಟಿನಲ್ಲಿ ಇಟ್ಟರು. ವಿಚಾರಿಸಿದಾಗ ಗೊತ್ತಾಯಿತು, ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಲ್ಲಿಸಿದ್ದರು. ಮೂಲ ಸಂಬಳ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತಿತ್ತು. ನಮ್ಮ ಮಳಿಗೆಯಲ್ಲಿ ಓಡಾಡುತ್ತಿದ್ದದ್ದು ಓವರ್‌ಟೈಮಿನ ಹಣ.

ಅಂದಿನಿಂದ ನಾನು ಎಷ್ಟು ಜನಕ್ಕೆ ಕೆಲಸ ಇದೆ ಎಂದು ಮಾತ್ರ ಕೇಳುವುದಿಲ್ಲ. ವಾರಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಶಿಫ್ಟು ಎಂದೂ ಕೇಳುತ್ತೇನೆ. ಕಂಪನಿಗಳು ಆಳುಗಳನ್ನು ತೆಗೆಯುವ ಮೊದಲು ಗಂಟೆ ಕಡಿಮೆ ಮಾಡುತ್ತವೆ. ಬಿಲ್ಲಿನಲ್ಲಿ ಅದು ಉದ್ಯೋಗದ ಅಂಕಿಗಿಂತ ಎಷ್ಟೋ ಮೊದಲೇ ಕಾಣುತ್ತದೆ.

ಆದಾಯ ಏರಿಳಿದಾಗ ಎಲ್ಲ ಸರಕೂ ಒಂದೇ ರೀತಿ ಏರಿಳಿಯುವುದಿಲ್ಲ. ಇದು ಹಳೆಯ ಸತ್ಯ. 1857ರಲ್ಲಿ ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಅವರು ಬೆಲ್ಜಿಯಂನ ಕುಟುಂಬಗಳ ಖರ್ಚಿನ ಲೆಕ್ಕ ಇಟ್ಟುಕೊಂಡು ಇದನ್ನು ತೋರಿಸಿದರು. ಕುಟುಂಬ ಬಡವಾದಷ್ಟೂ ಅದರ ಖರ್ಚಿನಲ್ಲಿ ಊಟದ ಪಾಲು ಹೆಚ್ಚು. ಅಂದರೆ ಆದಾಯ ಕುಗ್ಗಿದ ಊರಿನಲ್ಲಿ ದಿನಸಿ ವಿಭಾಗ ಅಲುಗಾಡುವುದು ಕಡಿಮೆ. ಟಿವಿ, ಪೀಠೋಪಕರಣ, ವಾಹನ, ಒಳ್ಳೆಯ ಬಟ್ಟೆ ಇವು ಮೊದಲು ಬೀಳುತ್ತವೆ. ಹಳೆಯ ಸೋಫಾ ಇನ್ನೊಂದು ವರ್ಷ ಓಡುತ್ತದೆ, ಹಸಿವನ್ನು ಹಾಗೆ ಮುಂದೂಡಲು ಆಗಲ್ಲ ಅಲ್ವಾ? ಹಾಗಾಗಿ ನಿಮ್ಮ ಮೂರು ಮಳಿಗೆಗೆ ಮೂರು ಗುರಿ ಇಟ್ಟರೂ ಸಾಲದು. ಒಂದೊಂದರಲ್ಲೂ ವಿಭಾಗವಾರು ಗುರಿ ಬೇರೆ ಇರಬೇಕು.

ಹಣ ಬಂದ ರೀತಿಯೂ ಮುಖ್ಯ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1957ರಲ್ಲಿ ಹೇಳಿದ್ದು ಇದನ್ನೇ. ಜನ ಖರ್ಚು ಮಾಡುವುದು ಈ ತಿಂಗಳು ಕೈಗೆ ಬಂದ ಹಣ ನೋಡಿಕೊಂಡಲ್ಲ, ಮುಂದೆಯೂ ಬರುತ್ತಿರುತ್ತದೆ ಎಂದು ನಂಬಿದ ಆದಾಯ ನೋಡಿಕೊಂಡು. ಕಾಯಂ ಸಂಬಳ ಏರಿದರೆ ದಿನದ ಖರ್ಚು ಏರುತ್ತದೆ. ಒಮ್ಮೆ ಬಂದ ಹೆಚ್ಚಿನ ಹಣ ಸಾಲ ತೀರಿಸಲು, ಉಳಿತಾಯಕ್ಕೆ, ಇಲ್ಲವೇ ಒಂದು ದೊಡ್ಡ ವಸ್ತುವಿಗೆ ಹೋಗುತ್ತದೆ. ನಿಮ್ಮ ಬೇಸಾಯದ ಪ್ರದೇಶದಲ್ಲಿ ಈ ಮಾತು ತುಂಬಾ ಕೆಲಸಕ್ಕೆ ಬರುತ್ತದೆ. ಅಲ್ಲಿ ಹಣ ಬರುವುದು ವರ್ಷಕ್ಕೆ ಒಂದೆರಡು ಸಲ. ಒಳ್ಳೆ ಬೆಳೆ ಬಂದ ವರ್ಷ ಮಾರಾಟ ಏರುತ್ತದೆ, ಆದರೆ ದಿನಸಿಯಲ್ಲಿ ಅಲ್ಲ. ಗೃಹೋಪಕರಣ, ವಾಹನ, ಮನೆ ರಿಪೇರಿ ಸಾಮಾನಿನಲ್ಲಿ. ಮರುವರ್ಷಕ್ಕೂ ಅದೇ ಏರಿಕೆ ಬರೆದುಕೊಂಡರೆ ಕೆಟ್ಟಿರಿ. ಫ್ರಿಜ್ ಕೊಂಡವರು ಮುಂದಿನ ವರ್ಷ ಇನ್ನೊಂದು ಫ್ರಿಜ್ ಕೊಳ್ಳುವುದಿಲ್ಲ.

ಅಲ್ಲಿ ಇಳುವರಿಯೊಂದನ್ನೇ ನೋಡಬೇಡಿ. ಎಲ್ಲರಿಗೂ ಬಂಪರ್ ಬೆಳೆ ಬಂದು ಬೆಲೆ ಬಿದ್ದರೆ ರೈತನ ಕೈಗೆ ಬರುವುದು ಕಡಿಮೆ. ಇಳುವರಿಯನ್ನು ಬೆಲೆಯಿಂದ ಗುಣಿಸಿ, ಅದರಿಂದ ಬೀಜ, ಗೊಬ್ಬರ, ಡೀಸೆಲ್, ಬಡ್ಡಿ ಕಳೆಯಿರಿ. ಈ ಬಡ್ಡಿ ಎಂಬುದನ್ನು ಬಹಳ ಜನ ಮರೆಯುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಬೇಸಾಯದ ರಾಜ್ಯಗಳಲ್ಲಿ ಬಡ್ಡಿ ಏರಿ, ಬೆಳೆಯ ಬೆಲೆ ಇಳಿದು, ಸಾಲ ಮಾಡಿ ಹೊಲ ಕೊಂಡಿದ್ದ ರೈತರು ಸಿಕ್ಕಿಹಾಕಿಕೊಂಡರು. ಅಯೋವಾದಲ್ಲಿ 1981ರಿಂದ 1986ರ ನಡುವೆ ಹೊಲದ ಬೆಲೆ ಶೇ 60ಕ್ಕೂ ಜಾಸ್ತಿ ಬಿತ್ತು. ಸಣ್ಣ ಊರುಗಳ ಟ್ರ್ಯಾಕ್ಟರ್ ಮಾರಾಟಗಾರರು, ಬ್ಯಾಂಕುಗಳು, ಬೀದಿಯ ಅಂಗಡಿಗಳು ರೈತರ ಹಿಂದೆಯೇ ಬಾಗಿಲು ಹಾಕಿದವು.

ಆಸ್ತಿಯ ಬೆಲೆ ಮತ್ತು ಸಾಲ ಸೇರಿದರೆ ನಗರದಲ್ಲೂ ಇದೇ ಕಥೆ. ಅತೀಫ್ ಮಿಯಾನ್ ಮತ್ತು ಅಮೀರ್ ಸೂಫಿ ಎಂಬ ಅರ್ಥಶಾಸ್ತ್ರಜ್ಞರು 2006ರಿಂದ 2009ರವರೆಗೆ ಅಮೆರಿಕದ ಒಂದೊಂದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಭಾಗದ, ಖರ್ಚನ್ನೂ ಹೋಲಿಸಿದರು. ಮನೆ ಬೆಲೆ ಹೆಚ್ಚು ಬಿದ್ದ, ಸಾಲ ಹೆಚ್ಚಿದ್ದ ಕೌಂಟಿಗಳಲ್ಲಿ ಖರ್ಚು ಎಲ್ಲರಿಗಿಂತ ಜಾಸ್ತಿ ಇಳಿದಿತ್ತು. ಸಂಬಳ ಒಂದೇ ಇದ್ದರೂ, ಸಾಲದ ಕಂತು ಕಟ್ಟುವ ಮನೆ ಮತ್ತು ಕಂತಿಲ್ಲದ ಮನೆ ನಿಮ್ಮ ಮಳಿಗೆಗೆ ಬೇರೆ ಬೇರೆ ಗಿರಾಕಿಗಳು. ನಗರದ ಹೊರವಲಯದಲ್ಲಿ ಹೊಸ ಮನೆ ಕೊಂಡವರು ಜಾಸ್ತಿ ಇರುತ್ತಾರೆ. ಮೊದಲು ಪರದೆ, ಮಂಚ, ಫ್ಯಾನು ಕೊಳ್ಳುತ್ತಾರೆ, ಮಾರಾಟ ಹಾರುತ್ತದೆ. ಬಡ್ಡಿ ಏರಿದರೆ ಮೊದಲು ಕೈ ಬಿಗಿ ಮಾಡುವವರೂ ಅವರೇ. ಈ ವರ್ಷ ಆ ಮಳಿಗೆ ಗುರಿ ದಾಟಿದ್ದು ಸಂತೋಷವೇ, ಆದರೆ ಅದರಲ್ಲಿ ಹೊಸ ಮನೆಯ ಸಾಮಾನು ಎಷ್ಟು ಎಂದು ಬಿಡಿಸಿ ನೋಡಿ.

ಸೋರಿಕೆಗೆ ಬರೋಣ. ಊರಿನ ಆದಾಯ ಚೆನ್ನಾಗಿದ್ದು ಮಳಿಗೆ ಖಾಲಿ ಹೊಡೆಯುವುದು ಉಂಟು. 1931ರಲ್ಲಿ ವಿಲಿಯಂ ರೈಲಿ ಇದಕ್ಕೆ ಒಂದು ಸರಳ ನಿಯಮ ಬರೆದರು. ಎರಡು ಊರುಗಳ ನಡುವಿನ ಜನರನ್ನು ಪ್ರತಿ ಊರೂ ತನ್ನ ಜನಸಂಖ್ಯೆಗೆ ತಕ್ಕಂತೆ ಎಳೆಯುತ್ತದೆ. ದೂರ ಹೆಚ್ಚಾದಂತೆ ಆ ಎಳೆತ ದೂರದ ವರ್ಗಕ್ಕೆ (ದೂರ × ದೂರ) ತಕ್ಕಂತೆ ಕುಗ್ಗುತ್ತದೆ. ಉದಾಹರಣೆಗೆ 2 ಲಕ್ಷ ಜನರ ಊರು, 50 ಸಾವಿರ ಜನರ ಊರು, ನಡುವೆ 30 ಕಿಲೋಮೀಟರ್ ಎಂದುಕೊಳ್ಳಿ. ಗಿರಾಕಿಗಳು ಎರಡು ಕಡೆಗೆ ಒಡೆಯುವ ಗೆರೆ ಸಣ್ಣ ಊರಿನಿಂದ 10 ಕಿಲೋಮೀಟರ್‌ಗೆ ಬೀಳುತ್ತದೆ. ಅಲ್ಲಿಂದ ಆಚೆಯವರು ದೊಡ್ಡ ಊರಿನವರು ಎಂದೇ ಲೆಕ್ಕ. ಇಂದಿನ ಲೆಕ್ಕಕ್ಕೆ ದೂರದ ಬದಲು ಪ್ರಯಾಣದ ಸಮಯ ಹಾಕಿ. ಒಂದು ಹೊಸ ಹೆದ್ದಾರಿ ಬಂದರೆ ಆ ಗೆರೆ ರಾತ್ರೋರಾತ್ರಿ ಸರಿಯುತ್ತದೆ. ರಸ್ತೆ ಬಂದರೆ ವ್ಯಾಪಾರ ಬೆಳೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯಾವ ತುದಿಯಲ್ಲಿ ಬೆಳೆಯುತ್ತದೆ ಎಂಬುದನ್ನು ನೀವು ಕೇಳಬೇಕು.

ದೇಶದ ಗಡಿಯಲ್ಲಿ ಈ ಸೋರಿಕೆ ಕಣ್ಣಿಗೇ ಕಾಣುತ್ತದೆ. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು ಒಂದು ಯೂರೋಗೆ 1.20 ಫ್ರಾಂಕ್ ಎಂದು ಕಾಯ್ದುಕೊಂಡಿದ್ದ ಮಿತಿಯನ್ನು ಕೈಬಿಟ್ಟಿತು. ಫ್ರಾಂಕ್ ಒಂದೇ ದಿನದಲ್ಲಿ ಬಲವಾಯಿತು. ಸ್ವಿಸ್ ಜನರ ಸಂಬಳ ಒಂದು ಫ್ರಾಂಕ್ ಕೂಡ ಹೆಚ್ಚಾಗಿರಲಿಲ್ಲ. ಆದರೆ ಗಡಿಯಾಚೆಯ ಜರ್ಮನಿಯ ಅಂಗಡಿಗಳು ಅವರಿಗೆ ಇನ್ನೂ ಅಗ್ಗವಾಗಿ ಕಂಡವು. ಕಾನ್‌ಸ್ಟಾನ್ಸ್ ಊರಿನ ಮಳಿಗೆಗಳಿಗೆ ಸ್ವಿಸ್ ಗಿರಾಕಿಗಳು ನುಗ್ಗಿದರು. ಕೊಂಡ ಸಾಮಾನಿನ ಜೊತೆ ಒಂದು ಹಸಿರು ಚೀಟಿ ಬರೆಸಿಕೊಂಡು, ಕಸ್ಟಮ್ಸ್ ಕಿಟಕಿಯಲ್ಲಿ ಸಾಲು ನಿಂತು ಮುದ್ರೆ ಹಾಕಿಸಿದರೆ ಜರ್ಮನಿಯ ಮಾರಾಟ ತೆರಿಗೆ ವಾಪಸ್ ಸಿಗುತ್ತಿತ್ತು. ಆ ಸಾಲು ಉದ್ದವಾದಷ್ಟೂ ಈಚೆ ಬದಿಯ ಸ್ವಿಸ್ ಅಂಗಡಿಗಳ ಮಾರಾಟ ಕರಗುತ್ತಿತ್ತು. 2020ರಿಂದ ಜರ್ಮನಿ 50 ಯೂರೋಗಿಂತ ಕಡಿಮೆ ಖರೀದಿಗೆ ಈ ವಾಪಸಾತಿ ನಿಲ್ಲಿಸಿತು. 2025ರ ಜನವರಿಯಿಂದ ಸ್ವಿಟ್ಜರ್ಲೆಂಡ್, ತೆರಿಗೆ ಕಟ್ಟದೆ ಒಳಗೆ ತರಬಹುದಾದ ಮಿತಿಯನ್ನು 300 ಫ್ರಾಂಕಿನಿಂದ 150ಕ್ಕೆ ಇಳಿಸಿತು. ಅಂಥ ಊರಿನಲ್ಲಿ ಕೂತು ಅಂದಾಜು ಮಾಡುವವರಿಗೆ ಊರಿನ ಆದಾಯಕ್ಕಿಂತ ವಿನಿಮಯ ದರ ಮತ್ತು ಗಡಿಯ ನಿಯಮವೇ ಹೆಚ್ಚು ಹೇಳುತ್ತವೆ.

ಜನ ಕೂತು ಕೆಲಸ ಮಾಡುವ ಜಾಗ ಬದಲಾದರೂ ಸೋರಿಕೆ ಆಗುತ್ತದೆ. ಕೋವಿಡ್ ನಂತರ ಮನೆಯಿಂದ ಕೆಲಸ ಶುರುವಾದಾಗ ದೊಡ್ಡ ನಗರಗಳ ನಡುಭಾಗದ ಖರ್ಚು ಹೊರವಲಯಕ್ಕೆ ಹರಿಯಿತು. ನಡುವೆ ತೂತು, ಸುತ್ತ ದಪ್ಪ ಎಂಬ ಅರ್ಥದಲ್ಲಿ ಅದನ್ನು ಡೋನಟ್ ಪರಿಣಾಮ ಎಂದು ಕರೆದರು. ನಿಮ್ಮ ಮೂರನೆಯ ಮಳಿಗೆಯ ಗೆಲುವಿನಲ್ಲಿ ಇದರ ಪಾಲೂ ಇರಬಹುದು. ಸುತ್ತಲಿನ ಕಚೇರಿಗಳು ವಾರಕ್ಕೆ ಎಷ್ಟು ದಿನ ಜನರನ್ನು ಕರೆಯುತ್ತಿವೆ ಎಂದು ವಿಚಾರಿಸಿ. ಆನ್‌ಲೈನ್ ಸೋರಿಕೆ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಉದ್ದ ಮಾಡುವುದಿಲ್ಲ.

ಯಾವ ಅಂಕಿ ನಂಬಬೇಕು ಎಂದು ಕೇಳಿದ್ದೀರಿ. ಮೊದಲು ಬೆಲೆ ಏರಿಕೆಯನ್ನು ಕಳೆಯಿರಿ. ಅಮೆರಿಕದ ಜನಗಣತಿ ಇಲಾಖೆ ಪ್ರತಿ ತಿಂಗಳು ಕೊಡುವ ಚಿಲ್ಲರೆ ಮಾರಾಟದ ಅಂಕಿಯಲ್ಲೂ ಹಂಗಾಮಿನ ಏರಿಳಿತವನ್ನು ಸರಿಹೊಂದಿಸಿರುತ್ತಾರೆ, ಬೆಲೆ ಏರಿಕೆಯನ್ನು ಅಲ್ಲ. 2022ರ ಜೂನ್‌ನಲ್ಲಿ ಅಲ್ಲಿ ಬೆಲೆಗಳು ವರ್ಷದಲ್ಲಿ ಶೇ 9.1ರಷ್ಟು ಏರಿದ್ದವು. ಆಗ ಶೇ 8ರಷ್ಟು ಮಾರಾಟ ಹೆಚ್ಚಿಸಿದ ಅಂಗಡಿ ನಿಜವಾಗಿ ಕಡಿಮೆ ಸರಕು ಮಾರಿದೆ ಎಂದರ್ಥ. ಅದೇ ವರ್ಷ ಅಕ್ಟೋಬರ್‌ನಲ್ಲಿ ಟರ್ಕಿಯ ಅಧಿಕೃತ ಹಣದುಬ್ಬರ ಶೇ 85 ದಾಟಿತ್ತು. ಅಲ್ಲಿ ಹಣದ ಲೆಕ್ಕದಲ್ಲಿ ಗುರಿ ಮುಟ್ಟಿದ್ದು ಯಾರಿಗೂ ಏನೂ ಹೇಳುವುದಿಲ್ಲ. ಎಷ್ಟು ರೂಪಾಯಿ ಎಂಬುದರ ಪಕ್ಕದಲ್ಲಿ ಎಷ್ಟು ಬಿಲ್ಲು, ಬಿಲ್ಲಿಗೆ ಎಷ್ಟು ವಸ್ತು ಎಂದೂ ಬರೆಯಿರಿ.

ಸರ್ಕಾರಿ ಅಂಕಿಗಳು ನಿಮ್ಮ ಕೈಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಅದಕ್ಕೇ ಅಮೆರಿಕದ ಕೇಂದ್ರ ಬ್ಯಾಂಕು ವರ್ಷಕ್ಕೆ ಎಂಟು ಸಲ ಬೀಜ್ ಬುಕ್ ಎಂಬ ವರದಿ ಹೊರಡಿಸುತ್ತದೆ. ಅದರ 12 ವಲಯಗಳ ಬ್ಯಾಂಕುಗಳು ತಮ್ಮ ತಮ್ಮ ಪ್ರದೇಶದ ಅಂಗಡಿಯವರು, ಕಾರ್ಖಾನೆಯವರು, ಸಾಲ ಕೊಡುವವರನ್ನು ಮಾತಾಡಿಸಿ ಬರೆದದ್ದು ಅದು. ಅದರಲ್ಲಿ ಅಂಕಿಗಿಂತ ಮಾತೇ ಜಾಸ್ತಿ. ಅಷ್ಟು ದೊಡ್ಡ ಸಂಸ್ಥೆಯೇ ಫೋನ್ ಮಾಡಿ ಕೇಳುತ್ತದೆ ಎಂದಮೇಲೆ ನಾವೂ ಕೇಳಬೇಕು. ಗಣಿ ಊರಿನಲ್ಲಿ ಲಾರಿ ಬಾಡಿಗೆಯವರನ್ನು ಕೇಳಿ, ಎಷ್ಟು ಟ್ರಿಪ್ಪು ಹೋಗುತ್ತಿದೆ ಎಂದು. ಬಾಡಿಗೆ ಮನೆಗಳ ಮುಂದೆ ಖಾಲಿ ಇದೆ ಎಂಬ ಬೋರ್ಡು ಎಷ್ಟಿವೆ, ನೋಡಿ. ಬೇಸಾಯದ ಕಡೆ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಹೆಚ್ಚಾಗಿದೆಯಾ ಎಂದು ವಿಚಾರಿಸಿ. ಹೊರವಲಯದಲ್ಲಿ ಹೊಸ ವಿದ್ಯುತ್ ಸಂಪರ್ಕಗಳ ಸಂಖ್ಯೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸುಳಿವು ಇಲ್ಲ.

ಈಗ ನಿಮ್ಮ ಮೂರು ಮಳಿಗೆ. ಗಣಿ ಊರಿಗೆ ಒಂದೇ ಗುರಿ ಇಡಬೇಡಿ. ಅದಿರಿನ ಬೆಲೆ ಹೀಗೇ ಇದ್ದರೆ ಇಷ್ಟು, ಕಾಲು ಭಾಗ ಬಿದ್ದರೆ ಇಷ್ಟು, ಏರಿದರೆ ಇಷ್ಟು ಎಂದು ಮೂರು ಅಂಕಿ ಬರೆಯಿರಿ. ಸ್ಟಾಕು ತರಿಸುವುದನ್ನು ಕಡಿಮೆ ಅಂಕಿಗೆ ತಕ್ಕಂತೆ ಇಡಿ, ಬೇಕಾದರೆ ಬೇಗ ತರಿಸುವ ಏರ್ಪಾಡು ಮಾಡಿಕೊಳ್ಳಿ. ಬಾಡಿಗೆ ಕರಾರನ್ನು ಉದ್ದ ಮಾಡಬೇಡಿ. ಬೇಸಾಯದ ಪ್ರದೇಶದಲ್ಲಿ ಒಂದು ವರ್ಷವನ್ನು ಹಿಂದಿನ ವರ್ಷದ ಜೊತೆ ಹೋಲಿಸುವುದೇ ತಪ್ಪು ದಾರಿ. ಕಳೆದ ಐದು ವರ್ಷದ ಸರಾಸರಿ ತೆಗೆದು, ದಿನಸಿಯನ್ನು ಅದಕ್ಕೆ ಕಟ್ಟಿಹಾಕಿ. ದೊಡ್ಡ ವಸ್ತುಗಳ ಗುರಿಯನ್ನು ಕೊಯ್ಲಾಗಿ ಬೆಲೆ ಗೊತ್ತಾದ ಮೇಲೆಯೇ ಬರೆಯಿರಿ. ಅಲ್ಲಿಯವರೆಗೆ ಆ ಸಾಲು ಖಾಲಿ ಇರಲಿ, ಮೇಲಿನವರು ಕೇಳಿದರೆ ಕಾರಣ ಹೇಳಿ. ಹೊರವಲಯದ ಮಳಿಗೆಯಲ್ಲಿ ಈ ವರ್ಷದ ಗೆಲುವನ್ನು ಎರಡಾಗಿ ಒಡೆಯಿರಿ. ಹೊಸದಾಗಿ ಬಂದ ಮನೆಗಳಿಂದ ಎಷ್ಟು, ಹಳೆಯ ಗಿರಾಕಿಗಳಿಂದ ಎಷ್ಟು. ಮೊದಲನೆಯದು ಕಟ್ಟಡಗಳು ಮುಗಿದ ದಿನ ನಿಲ್ಲುತ್ತದೆ. ಎರಡನೆಯದು ಬಡ್ಡಿ ದರದ ಜೊತೆ ಅಲುಗಾಡುತ್ತದೆ.

ಮೂರಕ್ಕೂ ಸೇರಿ ಇನ್ನೊಂದು. ಹಬ್ಬದ ದಿನ ಕ್ಯಾಲೆಂಡರಿನಲ್ಲಿ ಒಂದು ತಿಂಗಳಿನಿಂದ ಇನ್ನೊಂದಕ್ಕೆ ಸರಿದರೆ ಆ ಎರಡು ತಿಂಗಳನ್ನು ಒಟ್ಟು ಸೇರಿಸಿಯೇ ಹೋಲಿಸಿ, ಇಲ್ಲದಿದ್ದರೆ ಸುಮ್ನೆ ಗಾಬರಿಯಾಗುತ್ತೀರಿ. ಮತ್ತೆ, ಗುರಿಯನ್ನು ವರ್ಷಕ್ಕೊಮ್ಮೆ ಬರೆದು ಮುಚ್ಚಿಡಬೇಡಿ, ಮೂರು ತಿಂಗಳಿಗೊಮ್ಮೆ ತೆರೆಯಿರಿ. ಬಿಲ್ಲಿಗೆ ಎಷ್ಟು ವಸ್ತು ಎಂಬ ಅಂಕಿ ಸತತ ಎರಡು ತಿಂಗಳು ಇಳಿದರೆ ಮೂರನೇ ತಿಂಗಳಿಗೆ ಕಾಯದೆ ಆ ಮಳಿಗೆಗೆ ಹೋಗಿ ಕೌಂಟರಿನ ಪಕ್ಕ ಎರಡು ದಿನ ಕೂತು ಬನ್ನಿ.